ಗುಲಾಬಿಕಾಯಿ ಎಣ್ಣೆ ಹುಡುಕಿಕೊಂಡು ಜಾರ್ಜಿಯಾಕ್ಕೆ

ಹೊರಡುವ ಮುಂಚೆ, ಹುಣಸೂರು

ಹುಣಸೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿರುವ ನನ್ನ ಮುಖದಲ್ಲೇ ಬಂಗು ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಮಂಜುಳ ಜಾರ್ಜಿಯಾ ಅನ್ನುವ ದೇಶಕ್ಕೆ ಯಾಕೆ ಹೋಗಿದ್ದಳು ಅನ್ನುವುದು ನಿಮಗೆ ಅರ್ಥವಾಗುವುದಿಲ್ಲ.

ಎರಡನೇ ಮಗು ಹುಟ್ಟಿದ ಮೇಲೆ ಬಂದ ಬಂಗು ಅದು. ಎರಡೂ ಕೆನ್ನೆಯ ಮೇಲೆ ಹುರಿದ ರಾಗಿಯ ಬಣ್ಣದಲ್ಲಿ ಹರಡಿ, ಮೂಗಿನ ಮೇಲೆ ಹಾದು ಒಂದಕ್ಕೊಂದು ಕೂಡಿಕೊಂಡಿದೆ. ಬೇರೆ ಕೆಲಸದವಳಾಗಿದ್ದರೆ ಇದ್ದರೆ ಇರಲಿ ಅಂತ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಪಾರ್ಲರಿಗೆ ಬಂದವರು ಕುರ್ಚಿಯಲ್ಲಿ ಕೂತು ಮೊದಲು ನೋಡುವುದು ಗೋಡೆಯ ಮೇಲಿನ ಬೆಳ್ಳನೆಯ ಹುಡುಗಿಯರ ಚಿತ್ರಗಳನ್ನಲ್ಲ, ನನ್ನ ಮುಖವನ್ನು. ಫೇಶಿಯಲ್ ಮಾಡುವವಳ ಕೆನ್ನೆಯೇ ಹೀಗಿದ್ದರೆ ನಮ್ಮದರ ಗತಿ ಏನು ಅಂತ ಅವರ ಕಣ್ಣು ಕೇಳುತ್ತದೆ. ಒಬ್ಬಿಬ್ಬರು ಬಾಯಿಬಿಟ್ಟೇ ಕೇಳಿದ್ದಾರೆ.

ಅದಕ್ಕೇ ಬೆಳಿಗ್ಗೆ ಎದ್ದವಳು ಬಾಗಿಲಿಗೆ ನೀರು ಹಾಕುವ ಮುಂಚೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಫೌಂಡೇಶನ್ ಬಳಿದುಕೊಳ್ಳುತ್ತಿದ್ದೆ. ನನ್ನ ಬರೀ ಮುಖ ನೋಡಿದವರು ಗಂಡ, ಮಕ್ಕಳು, ಅಷ್ಟೆ. ಸ್ವಂತ ಅಕ್ಕನ ಮನೆಗೆ ಹೋದರೂ ದೀಪ ಆರಿಸಿದ ಮೇಲೆ ಮುಖ ತೊಳೆದು, ಬೆಳಕು ಹರಿಯುವ ಮುಂಚೆ ಮತ್ತೆ ಬಳಿದುಕೊಂಡು ಕೂರುತ್ತಿದ್ದೆ. ಒಂದೇ ಒಂದು ದಿನ ಬರೀ ಮುಖದಲ್ಲಿ ಪಾರ್ಲರಿನ ಶಟರ್ ಎತ್ತಬೇಕು ಅನ್ನುವುದು ನನ್ನ ಆಸೆ. ಬಂಗು ಹೋಗದೆ ಅದು ಆಗುವ ಮಾತಲ್ಲ ಅಂತಲೂ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಮೈಸೂರಿನಲ್ಲಿ ಮದುವಣಗಿತ್ತಿ ಮೇಕಪ್ಪಿನ ತರಬೇತಿಗೆ ಹೋಗಿದ್ದಾಗ ಅಲ್ಲಿ ಹೇಳಿಕೊಡುವವರು ರೋಸ್‌ಹಿಪ್ ಬೀಜದ ಎಣ್ಣೆಯನ್ನು ಹೊಗಳಿದ್ದೇ ಹೊಗಳಿದ್ದು. ಆನ್‌ಲೈನಿನಲ್ಲಿ ತರಿಸಿದೆ. ಮುಚ್ಚಳ ತೆಗೆದರೆ ಮದುವೆ ಮನೆಯ ಪನ್ನೀರಿನ ಹಾಗೆ ಘಮ್ ಅಂದಿತು. ಮೂರು ಸೀಸೆ ಮುಗಿಸಿದೆ, ಬಂಗು ಅಲುಗಲಿಲ್ಲ. ಆಮೇಲೆ ಗೊತ್ತಾಯಿತು, ನಿಜವಾದ ರೋಸ್‌ಹಿಪ್ ಎಣ್ಣೆಗೆ ಗುಲಾಬಿಯ ವಾಸನೆಯೇ ಇರುವುದಿಲ್ಲವಂತೆ. ಅದು ಹೂವಿನದಲ್ಲ, ಹೂವು ಉದುರಿದ ಮೇಲೆ ಕಚ್ಚುವ ಕೆಂಪು ಕಾಯಿಯ ಬೀಜದ್ದು. ಗುಲಾಬಿ ಗಿಡ ಕಾಯಿ ಬಿಡುತ್ತದೆ ಅನ್ನುವುದೇ ನನಗೆ ಹೊಸ ಸುದ್ದಿ. ನಮ್ಮ ಕಡೆ ಗುಲಾಬಿಯನ್ನು ಗಿಡದಲ್ಲಿ ಒಣಗುವ ತನಕ ಬಿಡುವವರು ಯಾರು? ಅರಳಿದ ಬೆಳಿಗ್ಗೆಯೇ ಅದು ದೇವರ ಪಟಕ್ಕೋ ಯಾರದೋ ಜಡೆಗೋ ಹೋಗಿರುತ್ತದೆ. ನೋಡದ ವಸ್ತುವಿಗೆ ನಮ್ಮಲ್ಲಿ ಹೆಸರೂ ಇಲ್ಲ. ನಾನೇ ಅದಕ್ಕೆ ಗುಲಾಬಿಕಾಯಿ ಅಂತ ಹೆಸರಿಟ್ಟುಕೊಂಡೆ.

ನನ್ನ ಅಕ್ಕ ಜಯಮ್ಮ ಇರುವುದು ಸರಗೂರಿನಲ್ಲಿ. ಅವಳ ಮಗಳು ಚೈತ್ರ ಜಾರ್ಜಿಯಾದ ಟಿಬಿಲಿಸಿ ಅನ್ನುವ ಊರಿನಲ್ಲಿ ಡಾಕ್ಟರ್ ಓದುತ್ತಾಳೆ. ಮಗಳು ಇರುವ ಜಾಗವನ್ನು ಒಂದು ಸಲ ಕಣ್ಣಾರೆ ನೋಡಬೇಕು ಅಂತ ಅಕ್ಕ ಹಟ ಹಿಡಿದಿದ್ದಳು. ಭಾವನಿಗೆ ಗೊಬ್ಬರದ ಅಂಗಡಿ ಬಿಟ್ಟು ಅಲುಗಾಡಲು ಆಗುವುದಿಲ್ಲ. ಜೊತೆಗೆ ನೀನು ಬಾ ಅಂದಳು. ನಾನು ಮೀನಮೇಷ ಎಣಿಸುತ್ತಿದ್ದಾಗ ಚೈತ್ರ ಫೋನಿನಲ್ಲಿ, "ಚಿಕ್ಕಮ್ಮ, ನೀವು ಹೇಳ್ತಿದ್ರಲ್ಲ ಆ ರೋಸ್‌ಹಿಪ್ಪು, ಇಲ್ಲಿ ರಸ್ತೆ ಪಕ್ಕದ ಬೇಲೀಲೆಲ್ಲ ಬೆಳೆದಿರುತ್ತೆ" ಅಂದುಬಿಟ್ಟಳು. ನನ್ನ ಸೂಟ್‌ಕೇಸು ಆವತ್ತೇ ಅಟ್ಟದಿಂದ ಇಳಿಯಿತು.

ಹೊರಡುವ ದಿನ ಭಾವ ಕೇಳಿದರು, "ಅಲ್ಲಿಂದ ಏನ್ ತತ್ತೀಯಾ ಮಂಜು?"

"ಎಣ್ಣೆ ಭಾವ. ಎಣ್ಣೆಗೇ ಅಂತ್ಲೇ ಹೋಗ್ತಿರೋದು."

ಭಾವ ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಅಲ್ಲಿ ದ್ರಾಕ್ಷಿದು ಬಾಳ ಚೆನ್ನಾಗಿರ್ತದಂತೆ ಕಣವ್ವ. ನಂಗೂ ಒಂದು ಬಾಟ್ಲಿ ಮಡಿಕ್ಕೊಂಡ್ ಬಾ. ನಿಮ್ಮಕ್ಕಂಗೆ ಯೋಳ್‌ಬ್ಯಾಡ."

ನಮ್ಮ ಸೀಮೆಯಲ್ಲಿ ಗಂಡಸರ ಬಾಯಲ್ಲಿ ಎಣ್ಣೆ ಅನ್ನುವ ಮಾತು ಬಂದರೆ ಅದು ತಲೆಗೆ ಹಚ್ಚುವುದಲ್ಲ, ತಲೆಗೆ ಏರುವುದು. ನಾನು ತಿದ್ದುವ ಗೋಜಿಗೆ ಹೋಗಲಿಲ್ಲ.

ಟಿಬಿಲಿಸಿ ವಿಮಾನ ನಿಲ್ದಾಣ

ವಿಮಾನದೊಳಗಿನ ಒಣಗಾಳಿಗೆ ನನ್ನ ಫೌಂಡೇಶನ್ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಟಾಯ್ಲೆಟ್ಟಿಗೆ ಹೋಗಿ ಮೇಲೊಂದು ಪದರ ಬಳಿದುಕೊಂಡು ಬಂದೆ. ಇಳಿದು ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತಾಗ ನನ್ನದನ್ನು ತೆರೆದು ನೋಡಿ ಥಟ್ಟನೆ ಮುಚ್ಚಿದೆ. ಯಾಕೆಂದರೆ ಪಾಸ್‌ಪೋರ್ಟಿನ ಫೋಟೋ ತೆಗೆದದ್ದು ಮೈಸೂರಿನ ಆಫೀಸಿನಲ್ಲಿ, ಉರಿಬಿಸಿಲಲ್ಲಿ ಬೆವರಿ ಬಣ್ಣವೆಲ್ಲ ಇಳಿದುಹೋದ ಮೇಲೆ. ಅದರಲ್ಲಿ ಬಂಗು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಗಾಜಿನ ಹಿಂದೆ ಕೂತಿದ್ದ ಎಳೆ ಗಡ್ಡದ ಅಧಿಕಾರಿ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಆಮೇಲೆ ತನ್ನ ಮುಖದ ಸುತ್ತ ಬೆರಳಾಡಿಸಿ ಏನೋ ಹೇಳಿದ. ನನಗೆ ಅರ್ಥವಾಗಿಹೋಯಿತು. ಫೋಟೋದಲ್ಲಿರುವ ಬಂಗು ಎಲ್ಲಿ ಅಂತ ಕೇಳುತ್ತಿದ್ದಾನೆ. ಸೆರಗಿನ ತುದಿಗೆ ಬಾಟಲಿಯ ನೀರು ಹಾಕಿಕೊಂಡು ಬಲಗೆನ್ನೆಯನ್ನು ಉಜ್ಜಿ ಉಜ್ಜಿ ಒರೆಸಿದೆ. ಅವನು ಗಾಬರಿಯಾಗಿ ಕೈ ಅಲ್ಲಾಡಿಸುತ್ತ, "ಅರಾ, ಅರಾ" ಅಂದ.

ಹಿಂದೆ ನಿಂತಿದ್ದ ಅಕ್ಕ, "ಅರ ಅಂತ ಅವ್ನೆ ಕಣಮ್ಮಿ. ಅರ್ಧ ವರಸಿದ್ರೆ ಸಾಕಂತೆ" ಅಂದಳು.

ಸರಿ, ಎಡಗೆನ್ನೆಯನ್ನು ಹಾಗೇ ಬಿಟ್ಟೆ. ಅವನು ನಗು ತಡೆಯಲಾರದೆ ತನ್ನ ಕಣ್ಣಿಗೆ ಬೆರಳಿನಲ್ಲಿ ಎರಡು ಸೊನ್ನೆ ಮಾಡಿ ತೋರಿಸಿದ. ಪಾಪ, ಅವನು ಕೇಳಿದ್ದು ನನ್ನ ಕನ್ನಡಕ ತೆಗೆಯಲು. ಅವರ ಭಾಷೆಯಲ್ಲಿ ಅರಾ ಅಂದರೆ ಬೇಡ, ಇಲ್ಲ ಅಂತ. ಠಸ್ಸೆ ಒತ್ತಿ ಕಳಿಸಿಕೊಟ್ಟ. ಅಲ್ಲಿಂದ ಹೊರಬಾಗಿಲ ತನಕ ನಾನು ಒಂದು ಕೆನ್ನೆ ಹುಣಸೂರು, ಒಂದು ಕೆನ್ನೆ ಸಿನಿಮಾ ಅನ್ನುವ ಹಾಗೆ ನಡೆದೆ. ಅಕ್ಕ ಆಗಾಗ ನನ್ನ ಬಲಕ್ಕೆ ಬಂದು ಇಣುಕಿ ನೋಡುತ್ತಿದ್ದಳು. ನಾನು ಸೆರಗು ಎಳೆದುಕೊಂಡೆ.

ಟಿಬಿಲಿಸಿ, ಔಷಧಿ ಅಂಗಡಿಗಳ ಸುತ್ತ

ಟಿಬಿಲಿಸಿ ಏರುತಗ್ಗಿನ ಊರು. ಮಧ್ಯೆ ಹೊಳೆ, ಎರಡು ಕಡೆ ಗುಡ್ಡ, ಮರದ ಕೆತ್ತನೆಯ ಬಾಲ್ಕನಿಗಳು. ಆದರೆ ಅಕ್ಕನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಬೀದಿನಾಯಿಗಳು. ಒಂದೊಂದೂ ಕರುವಿನಷ್ಟು ದಪ್ಪ, ಕಿವಿಗೊಂದು ಪ್ಲಾಸ್ಟಿಕ್ ಬಿಲ್ಲೆ. ನಮ್ಮಲ್ಲಿ ಹಸುವಿನ ಕಿವಿಗೆ ಬಿಲ್ಲೆ ಹಾಕುವುದು ವಿಮೆ ಮಾಡಿಸಿದಾಗ. "ಈ ಊರ್ನಲ್ಲಿ ನಾಯ್ಗೂ ಇನ್ಸೂರೆನ್ಸ್ ಮಾಡ್ಸವ್ರಲ್ಲ!" ಅಂತ ಅಕ್ಕ ಬೆರಗಾದಳು. ಅದು ಚುಚ್ಚುಮದ್ದು ಹಾಕಿದ ಗುರುತು ಅಂತ ಚೈತ್ರ ಎಷ್ಟು ಹೇಳಿದರೂ ಸರಗೂರಿಗೆ ಹೋಗಿ ಮುಟ್ಟಿದ ಸುದ್ದಿ ಮಾತ್ರ ಇನ್ಸೂರೆನ್ಸಿನದೇ.

ಇನ್ನೊಂದು ಫಜೀತಿ ಅಲ್ಲಿನ ನಂಟಿನ ಮಾತುಗಳದ್ದು. ಅವರು ಅಪ್ಪನಿಗೆ ಮಾಮಾ ಅನ್ನುತ್ತಾರೆ, ಅಮ್ಮನಿಗೆ ದೇದಾ. ಚೈತ್ರಳ ಮನೆ ಮಾಲೀಕರ ಪುಟ್ಟ ಮಗಳು ತನ್ನ ಅಪ್ಪನನ್ನು "ಮಾಮಾ" ಅಂತ ಕೂಗುತ್ತ ಓಡಿಬಂದಾಗ ಅಕ್ಕ ನನ್ನ ಕಿವಿಯಲ್ಲಿ, "ಎಷ್ಟ್ ಮುದ್ದಾಗ್ ಕರೀತದೆ. ಅಪ್ಪ ಎಲ್ಲೋದ್ನೋ ಪಾಪ, ಸೋದರಮಾವ ಸಾಕ್ತಾ ಅವ್ನೆ" ಅಂತ ಕಣ್ಣು ಒರೆಸಿಕೊಂಡಳು.

ನಮ್ಮ ಮನೆಯಲ್ಲಿ ಮಾಂಸ ಇಲ್ಲ. ಏನು ತಿನ್ನುವುದೋ ಅಂತ ಹೆದರಿಕೊಂಡು ಅಕ್ಕ ಅರ್ಧ ಸೂಟ್‌ಕೇಸು ಚಟ್ನಿಪುಡಿ, ಹುರಿಟ್ಟು ತುಂಬಿಕೊಂಡು ಬಂದಿದ್ದಳು. ಅಲ್ಲಿ ನೋಡಿದರೆ ಬೇಯಿಸಿದ ಕಾಳಿನ ಹೂರಣ ತುಂಬಿದ ದಪ್ಪ ರೊಟ್ಟಿ ಬೀದಿ ಬೀದಿಯಲ್ಲಿ ಸಿಗುತ್ತದೆ. ಅಕ್ಕ ಅದಕ್ಕೆ ಉಪ್ಪಿನ ಒಬ್ಬಟ್ಟು ಅಂತ ನಾಮಕರಣ ಮಾಡಿ ದಿನಾ ಎರಡು ಇಳಿಸಿದಳು.

ನನ್ನ ಗಮನವೆಲ್ಲ ಎಣ್ಣೆಯ ಮೇಲೆ. ಮೊದಲ ಅಂಗಡಿಯಲ್ಲಿ ಗುಲಾಬಿ ಚಿತ್ರದ ಚೆಂದದ ಸೀಸೆ ಕೊಟ್ಟರು. ಮೂಗಿಗೆ ಹಿಡಿದ ಕೂಡಲೇ ಪನ್ನೀರು. ಇಷ್ಟು ದೂರ ಬಂದು ಮತ್ತೆ ಅದೇ ಮೋಸಕ್ಕೆ ಬೀಳುವವಳಲ್ಲ ನಾನು, ವಾಪಸ್ ಇಟ್ಟೆ. ಆಮೇಲೆ ಚೈತ್ರ ಸರಿಯಾದ ಮಾತು ಹೇಳಿಕೊಟ್ಟಳು. ಗುಲಾಬಿಕಾಯಿಗೆ ಅವರಲ್ಲಿ ಅಸ್ಕಿಲಿ ಅನ್ನುತ್ತಾರೆ. ಅಂತೂ ಒಂದು ಭಾಷೆಯಲ್ಲಾದರೂ ಅದಕ್ಕೊಂದು ಹೆಸರು ಇತ್ತಲ್ಲ ಅಂತ ಸಮಾಧಾನವಾಯಿತು. ಔಷಧಿ ಅಂಗಡಿಗೆ ನುಗ್ಗಿ ಅಸ್ಕಿಲಿ ಎಣ್ಣೆ ಕೇಳಿದರೆ ಥಟ್ಟನೆ ಒಂದು ಸೀಸೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಚೈತ್ರ ಅದರ ಪೆಟ್ಟಿಗೆಯೊಳಗಿನ ಚೀಟಿ ಓದಿ ನಗತೊಡಗಿದಳು.

"ಚಿಕ್ಕಮ್ಮ, ಇದು ಬೀಜ ಅರೆದು ತೆಗೆದಿದ್ದಲ್ಲ. ಸೂರ್ಯಕಾಂತಿ ಎಣ್ಣೇಲಿ ಕಾಯಿ ನೆನೆಸಿ ಸೋಸಿರೋದು. ಇದನ್ನ ಕುಡೀತಾರೆ, ಹೊಟ್ಟೆ ಹುಣ್ಣಿಗೆ."

"ಎಣ್ಣೆ ಕುಡ್ಯೋದಾದ್ರೆ ನಿಮ್ಮಪ್ಪಂಗೇ ಸರಿ, ತಕೋ" ಅಂದಳು ಅಕ್ಕ. ಅಂದರೆ ಭಾವನ ಗುಟ್ಟು ಅವಳಿಗೆ ಮೊದಲೇ ಗೊತ್ತಿತ್ತು.

ಇಷ್ಟು ಅಲೆದ ಮೇಲೆ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಕೊಳ್ಳುವಾಗ ನೆನಪಿಟ್ಟುಕೊಳ್ಳಿ. ಗುಲಾಬಿಯ ಘಮ ಬಂದರೆ ಸುಗಂಧ ಬೆರೆಸಿದ್ದಾರೆ ಅಂತಲೇ ತಿಳಿಯಿರಿ. ಬಿಳಿ ಗಾಜಿನಲ್ಲಿ ಥಳಥಳಿಸುತ್ತ ಬಿಸಿಲಿನ ಕಿಟಕಿಯಲ್ಲಿ ಕೂತಿರುವ ಸೀಸೆಯ ಹತ್ತಿರ ಹೋಗಬೇಡಿ, ಈ ಎಣ್ಣೆಗೆ ಬೆಳಕು, ಬಿಸಿ ಎರಡೂ ಆಗದು, ಬೇಗ ಕೆಡುತ್ತದೆ. ನೀರಿನ ಹಾಗೆ ತಿಳಿಯಾಗಿದ್ದರೆ ಬಣ್ಣ ಸೋಸಿ ತೆಗೆದದ್ದಿರಬಹುದು. ಬಿಸಿ ತಾಗಿಸದೆ ಬೀಜದಿಂದ ಹಿಂಡಿದ್ದು ಅಂತ ಬರೆದಿದೆಯೋ ಇಲ್ಲವೋ ನೋಡಿ. ಬೇರೆ ಎಣ್ಣೆಯ ಹೆಸರು ಪಕ್ಕದಲ್ಲಿ ಮೆಲ್ಲಗೆ ಬಂದು ಕೂತಿದ್ದರೆ ಸೀಸೆಯನ್ನು ಅಲ್ಲೇ ಬಿಟ್ಟು ಬನ್ನಿ.

ಲಾಲಿಯ ಹಳ್ಳಿ

ಚೈತ್ರಳ ಮನೆ ಮಾಲೀಕರ ದೊಡ್ಡಮ್ಮ ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ಗುಲಾಬಿಕಾಯಿ ಬೀಜದಿಂದ ಎಣ್ಣೆ ತೆಗೆಯುತ್ತಾರಂತೆ. ಒಂದು ದಿನ ಮೂವರೂ ಮಿನಿಬಸ್ಸು ಹತ್ತಿದೆವು. ಸರಗೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಟೆಂಪೋದ ಹಾಗೇ ಅದು. ಹೊರಡುವ ಸಮಯ ಅಂತ ಇಲ್ಲ, ತುಂಬಿದಾಗ ಹೊರಡುತ್ತದೆ. ದಾರಿಯಲ್ಲಿ ಚರ್ಚ್ ಕಂಡಾಗಲೆಲ್ಲ ಒಳಗಿದ್ದವರೆಲ್ಲ ಮೂರು ಮೂರು ಸಲ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಡ್ರೈವರೂ ಸೇರಿದ ಹಾಗೆ, ಸ್ಟೀರಿಂಗ್ ಬಿಟ್ಟು. ಎರಡನೇ ಚರ್ಚಿನಿಂದ ಅಕ್ಕನೂ ಕೈ ಮುಗಿಯಲು ಶುರು ಮಾಡಿದಳು. ಕೇಳಿದರೆ, "ಯಾವ್ ದೇವ್ರಾದ್ರೇನು, ಅವನ್ ಕೈ ಸ್ಟೀರಿಂಗ್ ಮೇಲೆ ವಾಪಸ್ ಬರ್ಲಿ ಅಂತ" ಅಂದಳು.

ಆ ಅಮ್ಮನ ಹೆಸರು ಲಾಲಿ. ಅಕ್ಕನಿಗೆ ಅದು ಎಷ್ಟು ಹಿಡಿಸಿತೆಂದರೆ ಬಾಗಿಲಲ್ಲೇ ಆಕೆಯ ಕೈ ಹಿಡಿದು ತೊಟ್ಟಿಲ ಹಾಡಿನ ಹಾಗೆ "ಲಾಲೀ ಲಾಲೀ" ಅಂತ ರಾಗ ಎಳೆದಳು. ಲಾಲಿ ಗಹಗಹಿಸಿ ನಕ್ಕು ಅಕ್ಕನ ಎರಡೂ ಕೆನ್ನೆಗೆ ಮುತ್ತಿಟ್ಟಳು. ವಯಸ್ಸಾದ ಹೆಂಗಸು. ಮುಖದ ತುಂಬ ಸುಕ್ಕು, ಕಂದು ಮಚ್ಚೆ. ಪೌಡರಿನ ಸೋಂಕೂ ಇಲ್ಲ. ಆದರೆ ಹತ್ತಿರದಿಂದ ನೋಡಿದರೆ ಚರ್ಮ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ನನ್ನ ಕಣ್ಣು ಬಿದ್ದದ್ದೇ ಅಲ್ಲಿಗೆ, ಪಾರ್ಲರಿನವಳ ಕಣ್ಣಲ್ಲವೆ?

ಬೇಲಿಯ ತುಂಬ ಕೆಂಪು ಗುಲಾಬಿಕಾಯಿ. ಕಾರೆಹಣ್ಣಿಗಿಂತ ಒಂದಿಷ್ಟು ಉದ್ದ, ತುದಿಯಲ್ಲಿ ಒಣಗಿದ ಕಿರೀಟ. ನಾನು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ ಅಕ್ಕ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು ಕಚಕ್ಕನೆ ಕಚ್ಚಿದಳು. ಬೇಡ ಬೇಡ ಅಂತ ಲಾಲಿ ಕೂಗುತ್ತ ಬರುವಷ್ಟರಲ್ಲಿ ಅಕ್ಕ ನಾಲಿಗೆ ಹೊರಗೆ ಹಾಕಿ ಸೆರಗಿನಿಂದ ತಿಕ್ಕತೊಡಗಿದ್ದಳು. ಆ ಕಾಯಿಯೊಳಗೆ ಬೀಜದ ಸುತ್ತ ಸಣ್ಣ ಸಣ್ಣ ರೋಮ ಇರುತ್ತದೆ, ತಗುಲಿದರೆ ತುರಿಕೆ.

"ನಸುಗುನ್ನಿ ಕಣಮ್ಮಿ ಇದು! ಇದ್ನ ತಕ್ಕೊಂಡೋಗಿ ಮೊಕಕ್ಕೆ ಬಳ್ಕತೀಯಾ ನೀನು?"

ಲಾಲಿ ಒಂದು ಬಟ್ಟಲು ಗಟ್ಟಿ ಮೊಸರು ತಿನ್ನಿಸಿದ ಮೇಲೆ ಅಕ್ಕನ ನಾಲಿಗೆ ತಣ್ಣಗಾಯಿತು, ಮಾತು ಮಾತ್ರ ಆಗಲಿಲ್ಲ.

ಒಣಗಿಸಿದ ಕಾಯಿ ಒಡೆದು, ರೋಮವನ್ನೆಲ್ಲ ಜರಡಿ ಹಿಡಿದು ಬೇರೆ ಮಾಡಿ, ಬರೀ ಬೀಜವನ್ನು ಮೇಜಿನ ಮೇಲಿನ ಚಿಕ್ಕ ಯಂತ್ರಕ್ಕೆ ಸುರಿಯುತ್ತಾರೆ. ನಮ್ಮ ಗಾಣದ್ದೇ ಮರಿ ಅದು. ಹುಚ್ಚೆಳ್ಳಾಗಿದ್ದರೆ ಅಷ್ಟು ಹೊತ್ತಿಗೆ ತಪ್ಪಲೆ ತುಂಬುತ್ತಿತ್ತು. ಇದು ಮಾತ್ರ ತೊಟ್ಟು ತೊಟ್ಟಾಗಿ, ಕೇಸರಿ ಬಣ್ಣದಲ್ಲಿ, ಬರಲೋ ಬೇಡವೋ ಅನ್ನುವ ಹಾಗೆ ಇಳಿಯುತ್ತಿತ್ತು. ಮೂಸಿದರೆ ಒಣಹುಲ್ಲು, ಹಸಿ ಕಡಲೇಕಾಯಿ ಎರಡೂ ಬೆರೆತ ವಾಸನೆ. ಗುಲಾಬಿಯ ಸುಳಿವೇ ಇಲ್ಲ. ನನಗೆ ಕುಣಿಯುವ ಹಾಗಾಯಿತು.

ಹೇಗೆ ಹಚ್ಚಬೇಕು ಅಂತ ತೋರಿಸುತ್ತೇನೆ, ಮುಖ ತೊಳೆದುಕೊಂಡು ಬಾ ಅಂದಳು ಲಾಲಿ. ನಾನು ಒಲ್ಲೆ ಅಂದೆ. ನೀರು ತಣ್ಣಗಿದೆ ಅಂತ ನೆಪ ಹೇಳಿದೆ. ಆಕೆ ಬಿಸಿನೀರು ತರಲು ಎದ್ದಳು, ನೆಗಡಿ ಅಂದೆ. ಕೊನೆಗೆ ಆಕೆ ನನ್ನ ಕೈಯನ್ನೇ ಒದ್ದೆ ಮಾಡಿ ಎರಡು ಹನಿ ಬಿಟ್ಟು, ಉಜ್ಜದೆ, ಅಂಗೈಯಿಂದ ಮೆಲ್ಲಗೆ ಒತ್ತಿ ಒತ್ತಿ ತೋರಿಸಿದಳು. ಮೊದಲು ಮೊಣಕೈ ಮಡಿಕೆಯಲ್ಲಿ ಹಚ್ಚಿ ಒಂದು ದಿನ ಕಾಯಬೇಕು, ಕೆಂಪಾಗದಿದ್ದರೆ ಮಾತ್ರ ಮುಖಕ್ಕೆ. ಮುಖ ಒದ್ದೆಯಿದ್ದಾಗ ಎರಡು ಹನಿ, ಹೆಚ್ಚೆಂದರೆ ಮೂರು. ಸೀಸೆಯನ್ನು ತಂಪಾದ ಕತ್ತಲೆಯಲ್ಲಿ ಇಡಬೇಕು. ಹಗಲು ಬಿಸಿಲಿಗೆ ಹೋಗುವಾಗ ಬಿಸಿಲು ತಡೆಯುವ ಕ್ರೀಮು, ತಲೆಗೊಂದು ಟೋಪಿ. ಚೈತ್ರ ಒಂದೊಂದನ್ನೂ ಕನ್ನಡ ಮಾಡಿ ಹೇಳಿದಳು.

"ಬಂಗು ಹೋಗುತ್ತಾ ಕೇಳು" ಅಂದೆ ನಾನು, ಯಾರದೋ ವಿಷಯ ಕೇಳುವವಳ ಹಾಗೆ.

ಲಾಲಿ ನನ್ನ ಮುಖವನ್ನೇ ನೋಡುತ್ತ ತಲೆಯಾಡಿಸಿದಳು. "ಅರಾ."

ಈ ಸಲ ಅದಕ್ಕೆ ಅರ್ಧ ಅನ್ನುವ ಅರ್ಥ ಮಾಡಿಕೊಳ್ಳಲು ಆಗಲಿಲ್ಲ. ಚರ್ಮ ಮೆತ್ತಗಾಗುತ್ತದೆ, ಬಿರುಕು ಬಿಡುವುದು ನಿಲ್ಲುತ್ತದೆ, ಅಷ್ಟೇ. ಕಲೆ ಅಳಿಸುವ ಎಣ್ಣೆಯನ್ನು ನಾನು ಮಾಡುವುದಿಲ್ಲ ಅಂದಳಂತೆ. ನಾನು ಒಳಗೊಳಗೇ ಅದನ್ನು ಒಪ್ಪಲಿಲ್ಲ. ಹಳ್ಳಿಯವರಿಗೆ ತಮ್ಮ ಸರಕಿನ ಬೆಲೆ ಗೊತ್ತಿರುವುದಿಲ್ಲ ಅಂದುಕೊಂಡು ಎರಡು ಕಂದು ಸೀಸೆಗಳನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದೆ. ಮೊಣಕೈಯಲ್ಲಿ ಹಚ್ಚಿ ನೋಡಿದೆ, ಕೆಂಪಾಗಲಿಲ್ಲ. ಶುಕ್ರವಾರದಿಂದ ಮುಖಕ್ಕೆ ಶುರು ಅಂತ ನಿಶ್ಚಯಿಸಿದೆ.

ಶುಕ್ರವಾರದ ಎಣ್ಣೆಸ್ನಾನ

ಶುಕ್ರವಾರ ಎದ್ದಾಗ ಮನೆಯ ತುಂಬ ವಿಚಿತ್ರ ವಾಸನೆ. ಮಾಂಸ ಮೀನು ಮುಟ್ಟದ ನಮ್ಮ ಮೂಗಿಗೆ ಅದು ಮೀನಿನದೇ ಅನ್ನಿಸಿತು. ಅಡುಗೆಮನೆಗೆ ಓಡಿದರೆ ಅಕ್ಕ ಒಲೆಯ ಮುಂದೆ ನಿಂತಿದ್ದಾಳೆ. ಬಾಣಲೆಯಲ್ಲಿ ಕಾಳುಮೆಣಸು ಚಟಪಟ ಅನ್ನುತ್ತಿದೆ. ಪಕ್ಕದಲ್ಲಿ ಎರಡೂ ಕಂದು ಸೀಸೆಗಳು ಖಾಲಿಯಾಗಿ ಅಂಗಾತ ಮಲಗಿವೆ.

"ಅಕ್ಕಾ! ಏನ್ ಮಾಡ್ದೆ?"

"ಕೂಗಾಡ್‌ಬ್ಯಾಡ. ಶುಕ್ರವಾರ ಅಲ್ವಾ, ಮಗಿಗೂ ನಿಂಗೂ ವಸಿ ಎಣ್ಣೆ ಒತ್ತಿ ನೀರ್ ಉಯ್ಯಾನ ಅಂತ ಕಾಸ್ತಾ ಇವ್ನಿ. ಅದ್ರ ತಲೆ ಎಣ್ಣೆ ಕಂಡು ಎಷ್ಟ್ ಕಾಲ ಆಯ್ತೋ. ಇಷ್ಟೇ ಇಷ್ಟು ಸೀಸೆ, ಒಂದ್ ತಲೆಗೂ ಸಾಲಕ್ಕಿಲ್ಲ."

"ಅದು ಬಿಸಿ ಮಾಡಬಾರದ ಎಣ್ಣೆ ಅಕ್ಕ! ಮುಖಕ್ಕೆ ಹಚ್ಚೋದು!"

"ಎಣ್ಣೆ ಅಂದ್ಮೇಲೆ ಕಾಸ್ದೆ ಒತ್ತಕ್ಕಾಯ್ತದಾ? ನೆಗಡಿ ಆಗಕ್ಕಿಲ್ವಾ?"

ಇನ್ನು ತಡೆಯಲು ಆಗಲಿಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಿನಗೇನು ಗೊತ್ತು ನನ್ನ ಪಾಡು, ದಿನಾ ಬೆಳಿಗ್ಗೆ ಕಳ್ಳಿಯ ಹಾಗೆ ಬಚ್ಚಲಲ್ಲಿ ನಿಂತು ಮುಖ ಮುಚ್ಚಿಕೊಳ್ಳುವವಳು ನಾನು, ಒಂದು ದಿನ ಬರೀ ಮುಖದಲ್ಲಿ ನಾಲ್ಕು ಜನರ ಮುಂದೆ ನಿಲ್ಲೋಣ ಅಂತ ಸಮುದ್ರ ದಾಟಿ ಬಂದರೆ ಒಗ್ಗರಣೆ ಹಾಕಿಬಿಟ್ಟೆಯಲ್ಲ ಅಂತ ಕೂತು ಅತ್ತೆ. ಆಮೇಲೆ ನೆನಪಾಯಿತು, ಎದ್ದವಳು ಹಾಗೇ ಓಡಿಬಂದಿದ್ದೆ. ಮುಖಕ್ಕೆ ಏನೂ ಬಳಿದಿರಲಿಲ್ಲ.

ಅಕ್ಕ ಒಲೆ ಆರಿಸಿ ಬಂದು ನೆಲದ ಮೇಲೆ ನನ್ನ ಎದುರು ಕೂತಳು. ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಇದ್ಕಾ ಇಷ್ಟೊಂದು? ಅವ್ವಂಗೂ ಇತ್ತಲ್ಲಮ್ಮಿ ಇದು. ಇಂಗೇ, ಇದೇ ಜಾಗ್ದಲ್ಲಿ."

"ಸುಮ್ನೆ ಸಮಾಧಾನ ಮಾಡಬೇಡ. ಅವ್ವನ ಮುಖದಲ್ಲಿ ಒಂದು ಕಲೆ ಇರಲಿಲ್ಲ."

"ನೀನೆಲ್ ನೋಡಿದ್ದೀ? ಕೂಸು ನೀನು."

ನಿಜ, ಅವ್ವ ಹೋದಾಗ ನಾನಿನ್ನೂ ಚಿಕ್ಕವಳು. ಕೆ.ಆರ್. ನಗರದ ಕಡೆಯ ನಮ್ಮ ಹಳ್ಳಿಯಲ್ಲಿ ಅವಳದೊಂದು ಫೋಟೋ ಅಂತ ತೆಗೆಸಿದವರಿಲ್ಲ. ಅಕ್ಕನ ಮದುವೆಯ ಗುಂಪಿನ ಚಿತ್ರದಲ್ಲಿ ಇದ್ದಾಳೆ, ಅದೇ ಗಳಿಗೆಯಲ್ಲಿ ಯಾರನ್ನೋ ಕರೆಯಲು ತಿರುಗಿ ಮುಖವೆಲ್ಲ ಮಂಜಾಗಿದೆ. ನನಗೆ ನೆನಪಿರುವ ಅವ್ವ ಅಂದರೆ ಕೆನ್ನೆಯ ತುಂಬ ಅರಿಶಿನ. ಹತ್ತಿರ ಹೋದರೆ ಅರಿಶಿನದ ವಾಸನೆ. ಆ ಹಳದಿಯ ಕೆಳಗೆ ಏನಿತ್ತು ಅಂತ ನಾನು ಯಾವತ್ತೂ ಕೇಳಿಕೊಂಡವಳಲ್ಲ. ಅಕ್ಕ ದೊಡ್ಡವಳು, ಅವ್ವನ ಕೊನೆಗಾಲದಲ್ಲಿ ಮೈ ತೊಳೆಸಿದವಳು. ಆದರೂ ನಾನು ನಂಬಲಿಲ್ಲ. ಎಣ್ಣೆ ಸುಟ್ಟದ್ದಕ್ಕೆ ತೇಪೆ ಹಚ್ಚುತ್ತಿದ್ದಾಳೆ ಅನ್ನಿಸಿತು.

ಸುಟ್ಟದ್ದು ಸುಟ್ಟಿತು, ಚೆಲ್ಲುವುದು ಯಾಕೆ ಅಂತ ಚೈತ್ರಳೇ ಮೊದಲು ಬಂದು ತಲೆ ಕೊಟ್ಟಳು. ಆಮೇಲೆ ನಾನು. ಅಕ್ಕನ ಕೈ ತಲೆಯ ಮೇಲೆ ಬಿದ್ದ ಮೇಲೆ ಕೋಪ ಎಷ್ಟು ಹೊತ್ತು ನಿಲ್ಲುತ್ತದೆ? ನೆತ್ತಿಯಿಂದ ಕತ್ತಿನ ತನಕ ತಟ್ಟಿ, ಉಳಿದದ್ದನ್ನು ಕೆನ್ನೆಗೂ ಬಳಿದು, ಚಳಿಯಾಗದಿರಲಿ ಅಂತ ತನ್ನ ಹಳೆಯ ಕೆಂಪು ಶಾಲನ್ನು ತಲೆಗೆ ಹೊದೆಸಿ ಕೂರಿಸಿದಳು. ಟಿಬಿಲಿಸಿಯ ಆರನೇ ಮಹಡಿಯ ಮನೆಯಲ್ಲಿ ನಾವು ಮೂವರು ಮೀನಿನ ವಾಸನೆ ಹೊಡೆಯುತ್ತ, ಸೀಗೆಪುಡಿ ಕಲಸಿಟ್ಟುಕೊಂಡು, ಬಚ್ಚಲಿನ ನೀರು ಕಾಯುವುದನ್ನೇ ಕಾಯುತ್ತ ಕೂತಿದ್ದೆವು. ಆಗ ಅಕ್ಕನ ಫೋನು ಬಡಿದುಕೊಂಡಿತು. ಸರಗೂರಿನಿಂದ ಭಾವ, ವಿಡಿಯೋ ಕಾಲು. ಅಕ್ಕನ ಕೈಯೆಲ್ಲ ಎಣ್ಣೆ, ನೀನೇ ತೆಗಿ ಅಂದಳು. ಬಚ್ಚಿಟ್ಟುಕೊಳ್ಳಲು ಸಮಯವೇ ಸಿಗಲಿಲ್ಲ. ನಾನು ತೆಗೆದೆ.

ಭಾವ ಪರದೆಯನ್ನು ನೋಡಿದರು. ಮುಖವನ್ನು ಇನ್ನೂ ಹತ್ತಿರ ತಂದು ಹಾಗೇ ನಿಂತರು. ಫೋನು ಸ್ತಬ್ಧವಾಗಿದೆ ಅಂದುಕೊಂಡು ನಾನು ಅಲ್ಲಾಡಿಸಿದೆ. ಹಿಂದೆ ಅಂಗಡಿಯಲ್ಲಿ ಯಾರೋ ಯೂರಿಯಾ ಕೇಳುತ್ತಿರುವುದು ಕೇಳಿಸುತ್ತಿತ್ತು.

"ಜಯಾ," ಅಂದರು ಭಾವ, ನನ್ನನ್ನು ಬಿಟ್ಟು ಅಕ್ಕನನ್ನು ಕರೆದು. ದನಿ ಬೇರೆಯದೇ ಆಗಿತ್ತು. "ಇದ್ಯಾರೇ? ನಿಮ್ಮವ್ವ ಕೂತಂಗದಲ್ಲೇ."

ಆಮೇಲೆ ತಾವೇ ನಗಲು ನೋಡಿದರು. "ಅಲ್ಲ ಕಣವ್ವ ಮಂಜು, ತೆಪ್ಪು ತಿಳ್ಕಬ್ಯಾಡ. ನಾನ್ ಅಳಿಯ ಆಗಿ ಬಂದ ಮೊದಲ್ನೇ ದೀಪಾವಳೀಲಿ ಅತ್ತೆ ಇಂಗೇ ಎಣ್ಣೆ ಒತ್ಕಂಡು ಕೂತಿದ್ರು. ಒಂದ್ ಗಳ್ಗೆ ಎದೆ ಝಲ್ಲಂತು" ಅಂದರು. ಅಕ್ಕ ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ, ಹೀಗೆ ಹೇಳಿ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಫೋನಿನ ಮೂಲೆಯ ಚಿಕ್ಕ ಚೌಕದಲ್ಲಿ ನನ್ನ ಮುಖ ಕಾಣುತ್ತಿತ್ತು. ನಾನು ಅದನ್ನು ನೋಡುತ್ತ ಕೂತೆ. ಭಾವ ಕರೆ ಮುಗಿಸಿದ ಮೇಲೂ ಕ್ಯಾಮೆರಾ ತೆರೆದು ನೋಡುತ್ತ ಕೂತೆ. ನೀರು ಕಾದಿದೆ ಬಾ ಅಂತ ಅಕ್ಕ ಎರಡು ಸಲ ಕರೆಯಬೇಕಾಯಿತು.

ಮತ್ತೆ ಹುಣಸೂರು

ಎಣ್ಣೆ ಸುಟ್ಟ ಸುದ್ದಿ ಮನೆ ಮಾಲೀಕರ ಬಾಯಿಂದ ಲಾಲಿಗೆ ಮುಟ್ಟಿ, ಆಕೆ ನಕ್ಕು ನಕ್ಕು ಸುಸ್ತಾಗಿ, ಮಿನಿಬಸ್ಸಿನ ಡ್ರೈವರ್ ಕೈಯಲ್ಲಿ ಇನ್ನೊಂದು ಸೀಸೆ ಕಳಿಸಿದಳು. ನಮ್ಮಲ್ಲಿ ಕಂಡಕ್ಟರ್ ಕೈಯಲ್ಲಿ ಬುತ್ತಿಗಂಟು ಕಳಿಸುತ್ತೇವಲ್ಲ, ಹಾಗೇ. ಸೀಸೆಯ ಕತ್ತಿಗೆ ಒಂದು ಚಿತ್ರ ಕಟ್ಟಿದ್ದಳು. ಒಲೆಯ ಚಿತ್ರ, ಅದರ ಮೇಲೆ ದೊಡ್ಡದಾಗಿ ಅಡ್ಡಗೆರೆ. ಅಕ್ಕ ಅದನ್ನು ನೋಡಿ, "ನಂಗೇ ಬರ್ದವ್ಳೆ" ಅಂತ ಸಂತೋಷಪಟ್ಟಳು.

ಆ ಎಣ್ಣೆಯನ್ನೇ ಹಚ್ಚುತ್ತಿದ್ದೇನೆ. ಕೇಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬಂಗು ಹೋಗಿಲ್ಲ. ಲಾಲಿ ಹೇಳಿದ್ದೇ ನಿಜ. ಮುಖ ಮೆತ್ತಗಾಗಿದೆ, ಚಳಿಗೆ ಬಿರಿಯುತ್ತಿಲ್ಲ, ಅಷ್ಟೆ. ಬಂಗಿಗೆ ಔಷಧಿ ಬೇಕಾದರೆ ಮೈಸೂರಿನ ಚರ್ಮದ ಡಾಕ್ಟರ ಹತ್ತಿರ ಹೋಗಿ, ಎಣ್ಣೆ ಬೇಕಾದರೆ ನನ್ನನ್ನು ಕೇಳಿ, ಯಾವ ಸೀಸೆ ಕೊಳ್ಳಬಾರದು ಅಂತ ಹೇಳುತ್ತೇನೆ ಅನ್ನುತ್ತೇನೆ.

ಬಂದ ಮಾರನೆಯ ದಿನ ಬರೀ ಮುಖದಲ್ಲಿ ಹೋಗಿ ಶಟರ್ ಎತ್ತಿದೆ. ಯಾರಾದರೂ ನೋಡುತ್ತಿದ್ದಾರಾ ಅಂತ ಎರಡು ಸಲ ಬೀದಿಯ ಕಡೆ ತಿರುಗಿ ನೋಡಿದೆ, ಸುಳ್ಳು ಯಾಕೆ ಹೇಳಲಿ? ಎದುರಿನ ಹೂವಿನಂಗಡಿಯವಳು, "ಯಾಕ್ರೀ ಮಂಜುಳಮ್ಮ, ಉಸಾರಿಲ್ವಾ?" ಅಂದಳು. ಒಂದು ವಾರ ಅದೇ ಪ್ರಶ್ನೆ. ಒಬ್ಬಿಬ್ಬರು ಗಿರಾಕಿಗಳು ಬೇರೆ ಪಾರ್ಲರಿಗೆ ಹೋದರು. ಆದರೆ ಪಿರಿಯಾಪಟ್ಟಣದ ಕಡೆಯಿಂದ ಬರುವ ಒಬ್ಬ ಹೆಂಗಸು, ಯಾವಾಗಲೂ ದುಪಟ್ಟಾದಲ್ಲಿ ಕೆನ್ನೆ ಮುಚ್ಚಿಕೊಂಡೇ ಹುಬ್ಬು ತೆಗೆಸಿಕೊಳ್ಳುತ್ತಿದ್ದವಳು, ನನ್ನನ್ನು ನೋಡಿ ಅದನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿ ಕೂತಳು. ಅವಳ ಬಂಗು ನನ್ನದಕ್ಕಿಂತ ಹೆಚ್ಚು.

ಸಂಜೆ ಕೊನೆಯ ಗಿರಾಕಿ ಹೋದ ಮೇಲೆ ಶಟರ್ ಅರ್ಧ ಎಳೆದು ಮುಖ ತೊಳೆಯುತ್ತೇನೆ. ಒರೆಸುವುದಿಲ್ಲ, ಒದ್ದೆ ಇರಬೇಕು. ಎರಡು ಹನಿ ಅಂಗೈಗೆ ಬಿಟ್ಟುಕೊಂಡು ಕನ್ನಡಿಯ ಮುಂದೆ ಬಂದು, ಬಂಗು ಇರುವ ಕಡೆಯೆಲ್ಲ ಮೆಲ್ಲಗೆ ಒತ್ತುತ್ತ ಹೋಗುತ್ತೇನೆ. ಅವ್ವನಿಗೆ ಕಾಯಿಲೆಯಾದಾಗ ಅವಳ ಮುಖಕ್ಕೆ ಎಣ್ಣೆ ಹಚ್ಚುವಷ್ಟು ನಾನು ದೊಡ್ಡವಳಾಗಿರಲಿಲ್ಲ. ಈಗ ದಿನಾ ಹಚ್ಚುತ್ತಿದ್ದೇನೆ.